ವಾನ್ ವಿಲ್ಲೆಬ್ರಾಂಡ್ ಕಾಯಿಲೆ

ವಾನ್ ವಿಲ್ಲೆಬ್ರಾಂಡ್ ಕಾಯಿಲೆಯು ಆನುವಂಶಿಕವಾಗಿ ಬರುವ ರಕ್ತಸ್ರಾವದ ತೊಂದರೆಗಳಲ್ಲಿ ಅತ್ಯಂತ ಸಾಮಾನ್ಯವಾದುದು. ರಕ್ತವು ಹೆಪ್ಪುಗಟ್ಟಲು ಬೇಕಾದ 'ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್' ಎಂಬ ಪ್ರೋಟೀನು ಕಡಿಮೆಯಾಗಿರುವುದು, ಇದ್ದೂ ಸರಿಯಾಗಿ ಕೆಲಸ ಮಾಡದಿರುವುದು ಅಥವಾ ಇಲ್ಲವೇ ಇಲ್ಲವೆಂಬಷ್ಟು ಕ್ಷೀಣವಾಗಿರುವುದು ಇದಕ್ಕೆ ಕಾರಣ. ಜನರನ್ನು ಸಾಮೂಹಿಕವಾಗಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಈ ಪ್ರೋಟೀನಿನ ಕೊರತೆ ಕಂಡುಬಂದಿದೆ. ವೈದ್ಯರನ್ನು ಕಾಣಬೇಕಾಗುವಷ್ಟು ತೊಂದರೆ ಇರುವವರು ಸರಿಸುಮಾರು ಸಾವಿರಕ್ಕೆ ಒಬ್ಬರು.

ಹಿಮೋಫಿಲಿಯಾ ಎಂಬ ಹೆಸರನ್ನು ಕೇಳಿರುವವರು ಹಲವರು. ಕನ್ನಡ ಪತ್ರಿಕೆಗಳು ಅದನ್ನು 'ಕುಸುಮರೋಗ' ಎಂದೂ ಬರೆಯುತ್ತವೆ. ಅದು ಬಹುತೇಕ ಗಂಡಸರನ್ನು ಬಾಧಿಸುವ ಕಾಯಿಲೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಹಾಗಲ್ಲ. ಇದು ಗಂಡಿಗೂ ಹೆಣ್ಣಿಗೂ ಸಮನಾಗಿ ಬರುತ್ತದೆ. ಮುಟ್ಟು ಮತ್ತು ಹೆರಿಗೆಗಳ ಕಾರಣದಿಂದ ಇದರ ಭಾರವನ್ನು ಹೆಚ್ಚು ಹೊರುವವಳು ಹೆಣ್ಣೇ. 'ರಕ್ತ ನಿಲ್ಲದ ಕಾಯಿಲೆ ಗಂಡುಮಕ್ಕಳಿಗೆ ಮಾತ್ರ' ಎಂಬ ತಿಳಿವಳಿಕೆಯಿಂದಾಗಿ ಎಷ್ಟೋ ಹೆಣ್ಣುಮಕ್ಕಳ ಕಾಯಿಲೆ ಗುರುತಿಗೇ ಬರುವುದಿಲ್ಲ.

ಶೋಧದ ಇತಿಹಾಸ

ಫಿನ್‌ಲೆಂಡ್ ಮತ್ತು ಸ್ವೀಡನ್ ದೇಶಗಳ ನಡುವಿನ ಸಮುದ್ರದಲ್ಲಿ ಓಲಂಡ್ ಎಂಬ ದ್ವೀಪಸಮೂಹವಿದೆ. ಅದರಲ್ಲಿ ಫೋಗ್ಲೋ ಎಂಬ ಸಣ್ಣ ದ್ವೀಪ. 1924ರಲ್ಲಿ ಅಲ್ಲಿಂದ ಐದು ವರ್ಷದ ಒಬ್ಬ ಹುಡುಗಿಯನ್ನು ಹೆಲ್ಸಿಂಕಿಯ ಆಸ್ಪತ್ರೆಗೆ ಕರೆತಂದರು. ಮೂಗು ಮತ್ತು ಒಸಡುಗಳಿಂದ ಅವಳಿಗೆ ಪದೇಪದೇ ರಕ್ತ ಹೋಗುತ್ತಿತ್ತು. ಅವಳ ಒಡಹುಟ್ಟಿದವರಲ್ಲಿ ಕೆಲವರು ಎಳವೆಯಲ್ಲಿಯೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ಅವಳನ್ನು ಪರೀಕ್ಷಿಸಿದ ವೈದ್ಯ ಎರಿಕ್ ಅಡಾಲ್ಫ್ ವಾನ್ ವಿಲ್ಲೆಬ್ರಾಂಡ್ (1870–1949) ಅವಳೊಬ್ಬಳಿಗೆ ಔಷಧ ಬರೆದು ಸುಮ್ಮನಾಗಲಿಲ್ಲ. ಬಂಧುಬಳಗದ 66 ಮಂದಿಯ ವಂಶವೃಕ್ಷವನ್ನು ಬರೆದು, ಅವರಲ್ಲಿ 23 ಮಂದಿಗೆ ಇದೇ ಬಗೆಯ ತೊಂದರೆ ಇರುವುದನ್ನು ಗುರುತಿಸಿದರು. ಆ 23 ಮಂದಿಯಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ಹಿಮೋಫಿಲಿಯಾ ಆಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. ಆದ್ದರಿಂದ ಇದು ಬೇರೆಯದೇ ಆದ ಕಾಯಿಲೆ ಎಂದು ಅವರು 1926ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಬರೆದ ಲೇಖನದಲ್ಲಿ ವಾದಿಸಿದರು. 'ಆನುವಂಶಿಕ ಹುಸಿ ಹಿಮೋಫಿಲಿಯಾ' ಎಂಬುದು ಅವರು ಇಟ್ಟ ಹೆಸರು.

ಆ ಹುಡುಗಿ ಹದಿಮೂರನೆಯ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನ ಸಮಯದಲ್ಲಿ, ರಕ್ತಸ್ರಾವ ನಿಲ್ಲದೆ ಮೃತಳಾದಳು.

ದೋಷ ಎಲ್ಲಿದೆ ಎಂಬುದು ತಿಳಿಯಲು ಇನ್ನೂ ಮೂರು ದಶಕಗಳು ಬೇಕಾದವು. ರಕ್ತನಾಳದ ಗೋಡೆಯಲ್ಲಿದೆ ಎಂದು ಕೆಲವರು, ಪ್ಲೇಟ್‌ಲೆಟ್‌ ಎಂಬ ಕಿರುಬಿಲ್ಲೆಗಳಲ್ಲಿದೆ ಎಂದು ಕೆಲವರು ಹೇಳುತ್ತಿದ್ದರು. 1957ರ ಸುಮಾರಿಗೆ ಸ್ವೀಡನ್ನಿನ ಇಂಗಾ ಮರಿ ನಿಲ್ಸನ್, ಮಾರ್ಗರೆಟಾ ಬ್ಲೊಂಬೆಕ್ ಮತ್ತು ಸಂಗಡಿಗರು ಓಲಂಡಿನ ರೋಗಿಯೊಬ್ಬರಿಗೆ ರಕ್ತದ್ರವದಿಂದ ಬೇರ್ಪಡಿಸಿದ ಒಂದು ಅಂಶವನ್ನು ನೀಡಿದಾಗ ರಕ್ತಸ್ರಾವ ಹತೋಟಿಗೆ ಬಂತು. ಸೋಜಿಗದ ಸಂಗತಿಯೆಂದರೆ, ಹಿಮೋಫಿಲಿಯಾ ರೋಗಿಗಳ ರಕ್ತದಿಂದ ತೆಗೆದ ಅಂಶವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಹಿಮೋಫಿಲಿಯಾದಲ್ಲಿ ಇಲ್ಲದಿರುವ ಎಂಟನೆಯ ಫ್ಯಾಕ್ಟರ್ ಬೇರೆ, ಇಲ್ಲಿ ಇಲ್ಲದಿರುವ ವಸ್ತು ಬೇರೆ ಎಂಬುದು ಹೀಗೆ ಖಚಿತವಾಯಿತು. ಆ ಪ್ರೋಟೀನನ್ನು 1971ರಲ್ಲಿ ಪ್ರತ್ಯೇಕವಾಗಿ ಗುರುತಿಸಲಾಯಿತು. ಅದರ ವಂಶವಾಹಿಯನ್ನು 1985ರಲ್ಲಿ ಪತ್ತೆಮಾಡಿದರು. ಅದು 12ನೆಯ ವರ್ಣತಂತುವಿನ ಮೇಲಿದೆ.

ಪ್ರೋಟೀನಿನ ಕೆಲಸ

ಕೈ ಕುಯ್ದುಕೊಂಡಾಗ ರಕ್ತ ತಾನಾಗಿ ನಿಲ್ಲುವುದು ಎರಡು ಹಂತಗಳಲ್ಲಿ. ಮೊದಲು ಕಿರುಬಿಲ್ಲೆಗಳು ಗಾಯದ ಬಾಯಿಗೆ ಬಂದು ಅಂಟಿಕೊಂಡು ತಾತ್ಕಾಲಿಕವಾದ ಬಿರಡೆ ಹಾಕುತ್ತವೆ. ಆಮೇಲೆ ಹೆಪ್ಪುಗಟ್ಟಿಸುವ ಫ್ಯಾಕ್ಟರುಗಳು ಒಂದರ ಹಿಂದೊಂದು ಚುರುಕಾಗಿ, ಫೈಬ್ರಿನ್ ಎಂಬ ನೂಲಿನಂಥ ವಸ್ತುವಿನ ಬಲೆ ಹೆಣೆದು ಆ ಬಿರಡೆಯನ್ನು ಭದ್ರಪಡಿಸುತ್ತವೆ.

ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಈ ಎರಡೂ ಹಂತಗಳಿಗೆ ಬೇಕು. ಇದು ರಕ್ತನಾಳದ ಒಳಪದರದ ಕೋಶಗಳಲ್ಲಿ ತಯಾರಾಗಿ, ಮಣಿಸರದಂತೆ ಒಂದಕ್ಕೊಂದು ಜೋಡಿಸಿಕೊಂಡ ಉದ್ದನೆಯ ಸರಪಣಿಗಳಾಗಿ ರಕ್ತಕ್ಕೆ ಸೇರುತ್ತದೆ. ನಾಳ ಹರಿದ ಕಡೆ ಈ ಸರಪಣಿಯ ಒಂದು ಭಾಗ ಗಾಯದಲ್ಲಿ ತೆರೆದುಕೊಂಡ ಕೊಲಾಜನ್ನಿಗೆ ಅಂಟುತ್ತದೆ, ಮತ್ತೊಂದು ಭಾಗ ಹರಿದು ಹೋಗುತ್ತಿರುವ ಕಿರುಬಿಲ್ಲೆಗಳನ್ನು ಹಿಡಿದು ನಿಲ್ಲಿಸುತ್ತದೆ. ಗೋಡೆಗೂ ಇಟ್ಟಿಗೆಗೂ ನಡುವಿನ ಗಾರೆ ಎನ್ನಬಹುದು. ಸರಪಣಿ ಉದ್ದವಾಗಿದ್ದಷ್ಟೂ ಹಿಡಿತ ಗಟ್ಟಿ. ಎರಡನೆಯ ಕೆಲಸ, ಎಂಟನೆಯ ಫ್ಯಾಕ್ಟರನ್ನು ಹೊತ್ತು ತಿರುಗುವುದು. ಈ ಆಸರೆ ಇಲ್ಲದಿದ್ದರೆ ಎಂಟನೆಯ ಫ್ಯಾಕ್ಟರ್ ರಕ್ತದಲ್ಲಿ ಬಹುಬೇಗ ನಾಶವಾಗುತ್ತದೆ. ಆದ್ದರಿಂದಲೇ ಈ ಕಾಯಿಲೆಯ ತೀವ್ರರೂಪ ಹಿಮೋಫಿಲಿಯಾದಂತೆಯೇ ಕಾಣುತ್ತದೆ. ವಾನ್ ವಿಲ್ಲೆಬ್ರಾಂಡ್ ಇಟ್ಟ 'ಹುಸಿ ಹಿಮೋಫಿಲಿಯಾ' ಎಂಬ ಹೆಸರು ಅಷ್ಟರಮಟ್ಟಿಗೆ ಸರಿಯಾಗಿಯೇ ಇತ್ತು.

ಬಗೆಗಳು

ಮೊದಲನೆಯ ಬಗೆಯಲ್ಲಿ ಪ್ರೋಟೀನು ಸರಿಯಾಗಿಯೇ ಇರುತ್ತದೆ, ಪ್ರಮಾಣ ಮಾತ್ರ ಕಡಿಮೆ. ಪಾಶ್ಚಾತ್ಯ ದೇಶಗಳಲ್ಲಿ ರೋಗಿಗಳ ಪೈಕಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಈ ಗುಂಪಿನವರು, ತೊಂದರೆಯೂ ಸೌಮ್ಯ. ಎರಡನೆಯ ಬಗೆಯಲ್ಲಿ ದೋಷ ಇರುವುದು ಪ್ರೋಟೀನಿನ ಗುಣದಲ್ಲಿ. ಇದರಲ್ಲಿ 2ಎ, 2ಬಿ, 2ಎಂ, 2ಎನ್ ಎಂಬ ನಾಲ್ಕು ಒಳಭೇದಗಳಿವೆ. 2ಎ ಭೇದದಲ್ಲಿ ಉದ್ದನೆಯ ಸರಪಣಿಗಳಿರುವುದಿಲ್ಲ. 2ಬಿ ಭೇದದಲ್ಲಿ ಪ್ರೋಟೀನು ಗಾಯವಿಲ್ಲದ ಕಡೆಯೂ ಕಿರುಬಿಲ್ಲೆಗಳಿಗೆ ಅಂಟಿಕೊಂಡು ಅವುಗಳ ಸಂಖ್ಯೆಯನ್ನೇ ಕುಗ್ಗಿಸಬಹುದು. 2ಎಂ ಭೇದದಲ್ಲಿ ಸರಪಣಿ ಉದ್ದವಿದ್ದರೂ ಹಿಡಿತವಿಲ್ಲ. 2ಎನ್ ಭೇದದಲ್ಲಿ ಪ್ರೋಟೀನಿಗೆ ಎಂಟನೆಯ ಫ್ಯಾಕ್ಟರನ್ನು ಹೊರುವ ಶಕ್ತಿಯಿರುವುದಿಲ್ಲವಾಗಿ, ಇದನ್ನು ಸೌಮ್ಯ ಹಿಮೋಫಿಲಿಯಾ ಎಂದು ತಪ್ಪಾಗಿ ತಿಳಿಯುವುದುಂಟು.

ಮೂರನೆಯ ಬಗೆಯಲ್ಲಿ ಪ್ರೋಟೀನು ಇಲ್ಲವೇ ಇಲ್ಲವೆನ್ನಬೇಕು. ಓಲಂಡಿನ ಹುಡುಗಿಗೆ ಇದ್ದುದು ಇದೇ. ಮಗು ನಡೆಯಲು ಕಲಿಯುವ ಹೊತ್ತಿಗೇ ಲಕ್ಷಣಗಳು ತೋರುತ್ತವೆ. ಮಂಡಿ ಮತ್ತು ಹರಡುಗಳ ಕೀಲಿನೊಳಗೂ ರಕ್ತ ತುಂಬಿ ಊದಿಕೊಳ್ಳಬಹುದು. ಯುರೋಪಿನ ಲೆಕ್ಕದಂತೆ ಇದು ಸುಮಾರು ಹತ್ತು ಲಕ್ಷಕ್ಕೆ ಒಬ್ಬರಲ್ಲಿ ಕಾಣುವ ಅಪರೂಪದ ರೂಪ. ಭಾರತದ ಆಸ್ಪತ್ರೆಗಳಿಂದ ಬಂದಿರುವ ವರದಿಗಳಲ್ಲಿ ಮಾತ್ರ ಈ ಬಗೆಯ ರೋಗಿಗಳ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಬಹಳ ಹೆಚ್ಚು. ಸೌಮ್ಯ ಕಾಯಿಲೆಯವರು ಪರೀಕ್ಷೆಗೇ ಬಾರದಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮದುವೆಯ ಪದ್ಧತಿ.

ಆನುವಂಶಿಕತೆ ಮತ್ತು ಒಳಸಂಬಂಧದ ಮದುವೆ

ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಮೊದಲನೆಯ ಬಗೆಯೂ ಎರಡನೆಯ ಬಗೆಯ ಬಹುಪಾಲೂ ಪ್ರಬಲ ಗುಣವಾಗಿ ಸಾಗುತ್ತವೆ: ಒಂದು ಪ್ರತಿ ದೋಷಯುಕ್ತವಾಗಿದ್ದರೂ ಕಾಯಿಲೆ ತೋರಬಹುದು, ಪ್ರತಿ ಮಗುವಿಗೂ ಅದು ದಾಟುವ ಸಂಭವ ಎರಡರಲ್ಲಿ ಒಂದು. ಒಂದೇ ಮನೆಯಲ್ಲಿ ಒಬ್ಬರಿಗೆ ತೀರ ಅಲ್ಪವಾಗಿಯೂ ಇನ್ನೊಬ್ಬರಿಗೆ ಹೆಚ್ಚಾಗಿಯೂ ಕಾಣುವುದುಂಟು. ಓ ಗುಂಪಿನ ರಕ್ತದವರಲ್ಲಿ ಈ ಪ್ರೋಟೀನಿನ ಪ್ರಮಾಣ ಇತರರಿಗಿಂತ ಸುಮಾರು ಕಾಲುಭಾಗ ಕಡಿಮೆ ಇರುವುದೂ ಈ ವ್ಯತ್ಯಾಸಕ್ಕೆ ಒಂದು ಕಾರಣ.

ಮೂರನೆಯ ಬಗೆ ದುರ್ಬಲ ಗುಣ. ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಅದು ಪ್ರಕಟವಾಗುತ್ತದೆ. ತಂದೆತಾಯಿಗಳಿಬ್ಬರೂ ಒಂದೊಂದು ಕೆಟ್ಟ ಪ್ರತಿಯ ವಾಹಕರಾಗಿದ್ದು, ತಾವು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾರೆ. ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಹತ್ತು ಲಕ್ಷಕ್ಕೆ ಒಬ್ಬರಿಗೆ ಕಾಯಿಲೆಯಿರುವ ಸಮಾಜದಲ್ಲಿ ವಾಹಕರು ಸುಮಾರು ಐನೂರಕ್ಕೆ ಒಬ್ಬರಿರುತ್ತಾರೆ. ವಾಹಕನಾದ ಗಂಡು ಸಂಬಂಧವೇ ಇಲ್ಲದ ಮನೆಯ ಹೆಣ್ಣನ್ನು ಮದುವೆಯಾದರೆ, ಅವಳೂ ವಾಹಕಳಾಗಿರುವ ಸಂಭವ ಐನೂರರಲ್ಲಿ ಒಂದು. ಆತ ಸೋದರಮಾವನ ಮಗಳನ್ನು ತಂದುಕೊಂಡರೆ ಆ ಸಂಭವ ಎಂಟರಲ್ಲಿ ಒಂದಕ್ಕೆ ಏರುತ್ತದೆ. ಅಕ್ಕನ ಮಗಳನ್ನೇ ಮದುವೆಯಾದರೆ ನಾಲ್ಕರಲ್ಲಿ ಒಂದು.

ಕರ್ನಾಟಕದಲ್ಲಿ ಇದು ಕೇವಲ ಪುಸ್ತಕದ ಲೆಕ್ಕವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ತಳಿವಿಜ್ಞಾನಿ ಎ. ಎಚ್. ಬಿಟ್ಲ್ಸ್ ಮೊದಲಾದವರು 1980ರ ದಶಕದ ನವಜಾತ ಶಿಶುಗಳ ತಪಾಸಣೆಯ ಜೊತೆಯಲ್ಲಿ ತಂದೆತಾಯಿಗಳ ನಂಟನ್ನೂ ದಾಖಲಿಸಿದರು. ಸುಮಾರು ಮೂರನೆಯ ಒಂದಂಶದಷ್ಟು ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. ಅವರಲ್ಲಿ ಮಾವ-ಸೊಸೆಯರ, ಎಂದರೆ ಅಕ್ಕನ ಮಗಳನ್ನು ಮದುವೆಯಾದವರ ಸಂಖ್ಯೆಯೇ ಹೆಚ್ಚು. ಇತ್ತೀಚಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ರಕ್ತಸಂಬಂಧದ ಮದುವೆ ಹೆಚ್ಚಾಗಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಹೊಲ ಹಂಚಿಹೋಗದಿರಲಿ, ಮಗಳು ಪರರ ಮನೆ ಸೇರದಿರಲಿ ಎಂಬ ಎಣಿಕೆ ಹಳೆಯದು, ಅದಕ್ಕೆ ಅದರದೇ ಆದ ತರ್ಕವೂ ಇದೆ. ಇಂಥ ಮದುವೆಗಳಲ್ಲಿ ಹೆಚ್ಚಿನವುಗಳ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆಂಬುದನ್ನೂ ಹೇಳಬೇಕು. ಆದರೆ ಮನೆತನದಲ್ಲಿ ಆಗಲೇ ರಕ್ತ ನಿಲ್ಲದ ಮಗುವೊಂದು ಹುಟ್ಟಿದ್ದರೆ, ಅದೇ ಬಳಗದೊಳಗೆ ಮತ್ತೆ ಸಂಬಂಧ ಬೆಳೆಸುವ ಮೊದಲು ಪರೀಕ್ಷೆ ಮತ್ತು ತಳಿ ಸಲಹೆ ಅಗತ್ಯ. ಕೆಟ್ಟ ಪ್ರತಿ ತಂದೆತಾಯಿಗಳಿಬ್ಬರಿಂದಲೂ ಬಂದಿರುವುದರಿಂದ 'ಸೊಸೆಯ ತವರಿನ ದೋಷ' ಎಂಬ ಮಾತಿಗೆ ಇಲ್ಲಿ ಯಾವ ಆಧಾರವೂ ಇಲ್ಲ.

ಲಕ್ಷಣಗಳು

ಮೂಗಿನಿಂದ ಪದೇಪದೇ ರಕ್ತ ಬರುವುದು, ಸಣ್ಣ ಪೆಟ್ಟಿಗೂ ಚರ್ಮ ಕಂದುಗಟ್ಟುವುದು, ಹಲ್ಲುಜ್ಜುವಾಗ ಒಸಡು ಸೋರುವುದು, ಹಲ್ಲು ಕೀಳಿಸಿದ ಬಳಿಕ ರಾತ್ರಿಯಿಡೀ ರಕ್ತ ಜಿನುಗುವುದು, ಶಸ್ತ್ರಚಿಕಿತ್ಸೆಯ ನಂತರ ಅತಿಯಾದ ರಕ್ತಸ್ರಾವ, ಇವು ಮುಖ್ಯ ಲಕ್ಷಣಗಳು. ಕಿವಿ ಚುಚ್ಚಿಸಿದಾಗಲೋ ಸುನ್ನತಿಯ ಸಂದರ್ಭದಲ್ಲೋ ಮೊದಲ ಬಾರಿಗೆ ಗೊತ್ತಾಗುವುದೂ ಉಂಟು.

ಬಳ್ಳಾರಿ, ವಿಜಯನಗರ ಸೀಮೆಯ ಬೇಸಿಗೆಯಲ್ಲಿ ಶಾಲಾಮಕ್ಕಳ ಮೂಗಿನಿಂದ ರಕ್ತ ಬರುವುದು ಶಿಕ್ಷಕರಿಗೆಲ್ಲ ಪರಿಚಿತ ದೃಶ್ಯ. 'ಮೈಗೆ ಉಷ್ಣವಾಗಿದೆ' ಎಂದು ನೆತ್ತಿಗೆ ತಣ್ಣೀರು ತಟ್ಟಿ, ಮುಖ ಮೇಲೆತ್ತಿಸಿ ಕೂರಿಸುವುದು ರೂಢಿ. ಒಣಹವೆಯಿಂದ ಮೂಗಿನ ಒಳಪೊರೆ ಬಿರಿದು ಹೀಗಾಗುವುದು ನಿಜ, ಬಹುತೇಕ ಮಕ್ಕಳಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಆದರೆ ಮುಖ ಮೇಲೆತ್ತಿಸುವುದು ತಪ್ಪು. ರಕ್ತ ಗಂಟಲಿಗೆ ಇಳಿಯುತ್ತದೆ. ಮಗುವನ್ನು ತುಸು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಹಾಗೆ ಮಾಡಿದರೂ ನಿಲ್ಲದಿದ್ದರೆ, ಬೇಸಿಗೆ ಕಳೆದರೂ ಮತ್ತೆಮತ್ತೆ ಬರುತ್ತಿದ್ದರೆ, ತಾಯಿಗೋ ತಂದೆಗೋ ಚಿಕ್ಕಂದಿನಲ್ಲಿ ಇದೇ ತೊಂದರೆ ಇತ್ತೆಂದು ಮನೆಯವರು ಹೇಳಿದರೆ, ಆಗ ಉಷ್ಣದ ಮಾತನ್ನು ಬಿಟ್ಟು ರಕ್ತಪರೀಕ್ಷೆಗೆ ಕಳುಹಿಸುವುದು ಯೋಗ್ಯ.

ಹೆಣ್ಣುಮಕ್ಕಳಲ್ಲಿ

ಈ ಕಾಯಿಲೆಯಿರುವ ಹೆಂಗಸರಲ್ಲಿ ಅತಿಸಾಮಾನ್ಯ ಲಕ್ಷಣವೆಂದರೆ ಮುಟ್ಟಿನ ಅತಿಸ್ರಾವ. ಏಳು ದಿನ ಮೀರಿ ಸ್ರಾವವಾಗುವುದು, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾಗುವುದು, ದೊಡ್ಡ ನಾಣ್ಯದಷ್ಟು ಗಾತ್ರದ ಗಡ್ಡೆಗಳು ಬೀಳುವುದು, ರಾತ್ರಿ ಎದ್ದು ಹಾಸಿಗೆ ತೊಳೆಯಬೇಕಾಗುವುದು, ಇವು ಸಹಜವಲ್ಲ. ಅತಿಸ್ರಾವದ ದೂರಿನೊಂದಿಗೆ ವೈದ್ಯರ ಬಳಿ ಬರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 5ರಿಂದ 20 ಮಂದಿಗೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇರುವುದನ್ನು ವಿವಿಧ ದೇಶಗಳ ಅಧ್ಯಯನಗಳು ತೋರಿಸಿವೆ.

ಇದನ್ನು ಪತ್ತೆಮಾಡಲು ಅಡ್ಡಿಯಾಗುವುದು ಕಾಯಿಲೆಯ ಸ್ವಭಾವಕ್ಕಿಂತ ಹೆಚ್ಚಾಗಿ ಮಾತಿನ ಸಂಕೋಚ. ಹುಡುಗಿ ತಾಯಿಗೆ ಹೇಳುತ್ತಾಳೆ. ತಾಯಿ 'ನನಗೂ ಹೀಗೆಯೇ ಆಗುತ್ತಿತ್ತು, ನಮ್ಮ ಅವ್ವನಿಗೂ ಹೀಗೆಯೇ' ಎಂದು ಸಮಾಧಾನ ಹೇಳುತ್ತಾಳೆ. ಮೂರು ತಲೆಮಾರಿಗೂ ಹಾಗೆ ಆಗುತ್ತಿರುವುದು ಆನುವಂಶಿಕ ಕಾಯಿಲೆಯ ಸುಳಿವಿರಬಹುದು. ಮನೆಯಲ್ಲಿ ಅದೇ ಸಂಗತಿ 'ಇದು ನಮ್ಮಲ್ಲಿ ಸಹಜ' ಎಂಬುದಕ್ಕೆ ಪುರಾವೆಯಾಗಿಬಿಡುತ್ತದೆ. ರಕ್ತಹೀನತೆಯೂ ಹೀಗೆಯೇ ಮರೆಮಾಚುತ್ತದೆ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದರಿಂದ, ಬಿಳಿಚಿಕೊಂಡ ಹುಡುಗಿಯನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಕಬ್ಬಿಣದ ಮಾತ್ರೆ ಕೊಡುತ್ತಾರೆ. ರಕ್ತ ಹೋಗುವುದೇಕೆ ಎಂಬ ಪ್ರಶ್ನೆ ಉಳಿದೇಬಿಡುತ್ತದೆ. ಕೊನೆಗೆ ಕಾರಣ ತಿಳಿಯದೆಯೇ ಗರ್ಭಕೋಶ ತೆಗೆಸಿಕೊಂಡವರೂ ಇದ್ದಾರೆ. ಕಾಯಿಲೆ ಗೊತ್ತಿಲ್ಲದೆ ಮಾಡುವ ಆ ಶಸ್ತ್ರಚಿಕಿತ್ಸೆ ಸ್ವತಃ ಅಪಾಯಕಾರಿ.

ಗರ್ಭಿಣಿಯರಲ್ಲಿ ಈ ಪ್ರೋಟೀನಿನ ಪ್ರಮಾಣ ತಾನಾಗಿ ಏರುವುದರಿಂದ ಮೊದಲನೆಯ ಬಗೆಯವರಿಗೆ ಹೆರಿಗೆ ಸುಗಮವಾಗಿಯೇ ಆಗಬಹುದು. ಹೆರಿಗೆಯ ನಂತರ ಪ್ರಮಾಣ ಮತ್ತೆ ಇಳಿಯುತ್ತದೆ. ಆದ್ದರಿಂದ ಅಪಾಯವಿರುವುದು ಹೆರಿಗೆಯ ದಿನಕ್ಕಿಂತ ಮುಂದಿನ ಎರಡು ಮೂರು ವಾರಗಳಲ್ಲಿ, ಬಾಣಂತಿ ಆಸ್ಪತ್ರೆಯಿಂದ ತವರಿಗೆ ಬಂದ ಮೇಲೆ.

ಪತ್ತೆ

ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಈ ಕಾಯಿಲೆ ಸಿಕ್ಕಿಬೀಳುವುದಿಲ್ಲ. ಕಿರುಬಿಲ್ಲೆಗಳ ಸಂಖ್ಯೆ ಸರಿಯಾಗಿರುತ್ತದೆ. ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಪ್ರಾಥಮಿಕ ಪರೀಕ್ಷೆಗಳೂ ಹಲವೊಮ್ಮೆ ಸರಿಯಾಗಿಯೇ ಬರುತ್ತವೆ. 'ರಿಪೋರ್ಟ್ ನಾರ್ಮಲ್' ಎಂದು ಮನೆಗೆ ಕಳುಹಿಸಿದವರಲ್ಲಿ ಈ ಕಾಯಿಲೆಯವರು ಇರಬಲ್ಲರು. ಖಚಿತಪಡಿಸಲು ಮೂರು ಅಳತೆಗಳು ಬೇಕು: ರಕ್ತದಲ್ಲಿ ಈ ಪ್ರೋಟೀನು ಎಷ್ಟಿದೆ, ಅದು ಕಿರುಬಿಲ್ಲೆಗಳನ್ನು ಹಿಡಿಯುವ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿದೆ, ಎಂಟನೆಯ ಫ್ಯಾಕ್ಟರ್ ಎಷ್ಟಿದೆ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಪ್ರಮಾಣವು ನೂರಕ್ಕೆ 30ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಖಚಿತ. 30ರಿಂದ 50ರ ನಡುವೆ ಇದ್ದು ರಕ್ತಸ್ರಾವದ ಇತಿಹಾಸವೂ ಇದ್ದರೆ ಆಗಲೂ ಕಾಯಿಲೆಯೆಂದೇ ಪರಿಗಣಿಸಬೇಕು. ಜ್ವರ, ಆತಂಕ, ವ್ಯಾಯಾಮ, ಬಸಿರು, ಗರ್ಭನಿರೋಧಕ ಮಾತ್ರೆ ಇವೆಲ್ಲ ಪ್ರಮಾಣವನ್ನು ತಾತ್ಕಾಲಿಕವಾಗಿ ಏರಿಸುವುದರಿಂದ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ. ಸೂಜಿಗೆ ಹೆದರಿ ಅತ್ತ ಮಗುವಿನ ಫಲಿತಾಂಶವೂ ಏರುಪೇರಾಗಬಹುದು.

ಚಿಕಿತ್ಸೆ

ಕಾಯಿಲೆಯನ್ನು ಬುಡಸಮೇತ ಕಿತ್ತೊಗೆಯುವ ಮದ್ದಿಲ್ಲ. ರಕ್ತಸ್ರಾವವನ್ನು ತಡೆಯುವ ಮದ್ದುಗಳಿವೆ. ಎಲ್ಲಕ್ಕಿಂತ ಅಗ್ಗದ್ದು ಟ್ರನೆಕ್ಸಾಮಿಕ್ ಆಮ್ಲದ ಮಾತ್ರೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಈ ಔಷಧವು ಗಟ್ಟಿಯಾದ ಹೆಪ್ಪು ಬೇಗ ಕರಗದಂತೆ ಕಾಯುತ್ತದೆ. ಮುಟ್ಟಿನ ಅತಿಸ್ರಾವಕ್ಕೂ ಹಲ್ಲು ಕೀಳಿಸಿದಾಗಲೂ ಬಹಳ ಉಪಯುಕ್ತ. ಮುಟ್ಟಿನ ಸ್ರಾವಕ್ಕೆ ಹಾರ್ಮೋನ್ ಚಿಕಿತ್ಸೆಯೂ ಇದೆ.

ಡೆಸ್ಮೊಪ್ರೆಸಿನ್ ಎಂಬ ಔಷಧವು ರಕ್ತನಾಳದ ಕೋಶಗಳಲ್ಲಿ ಸಂಗ್ರಹವಾಗಿರುವ ಪ್ರೋಟೀನನ್ನು ಹೊರಹಾಕಿಸುತ್ತದೆ. ಇದು 1977ರಲ್ಲಿ ಇಟಲಿಯಲ್ಲಿ ಬಳಕೆಗೆ ಬಂತು. ಮೊದಲನೆಯ ಬಗೆಯವರಿಗೆ ಒಳ್ಳೆಯ ಮದ್ದು. ಸಂಗ್ರಹವೇ ಇಲ್ಲದ ಮೂರನೆಯ ಬಗೆಯವರಿಗೆ ನಿರುಪಯೋಗಿ, 2ಬಿ ಭೇದದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಇದನ್ನು ತೆಗೆದುಕೊಂಡಾಗ ನೀರನ್ನು ಮಿತವಾಗಿ ಕುಡಿಯಬೇಕು.

ತೀವ್ರ ಕಾಯಿಲೆಗೆ ಪ್ರೋಟೀನನ್ನೇ ರಕ್ತನಾಳದ ಮೂಲಕ ಕೊಡಬೇಕು. ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಹಿಮೋಫಿಲಿಯಾಕ್ಕೆಂದು ಆಸ್ಪತ್ರೆಯಲ್ಲಿ ಇಟ್ಟಿರುವ ಎಂಟನೆಯ ಫ್ಯಾಕ್ಟರ್ ಎಲ್ಲವೂ ಈ ಕಾಯಿಲೆಗೆ ಆಗುವುದಿಲ್ಲ. ರಕ್ತದ್ರವದಿಂದ ತಯಾರಿಸಿದ, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರನ್ನೂ ಒಳಗೊಂಡ ಔಷಧವೇ ಬೇಕು. ಕೃತಕವಾಗಿ ತಯಾರಿಸಿದ ಶುದ್ಧ ಎಂಟನೆಯ ಫ್ಯಾಕ್ಟರಿನಲ್ಲಿ ಆ ಪ್ರೋಟೀನು ಇರುವುದಿಲ್ಲ. ಅದು ಸಿಗದ ಕಡೆ ರಕ್ತನಿಧಿಗಳಲ್ಲಿ ತಯಾರಿಸುವ ಕ್ರಯೊಪ್ರೆಸಿಪಿಟೇಟ್ ನೀಡುತ್ತಾರೆ. ಅದರಲ್ಲಿ ಬೇಕಾದ ಪ್ರೋಟೀನು ಇರುತ್ತದೆ, ಸೋಂಕಿನ ಅಪಾಯವೂ ಸ್ವಲ್ಪ ಇರುತ್ತದೆ.

ರೋಗಿಗಳು ಆಸ್ಪಿರಿನ್ ಮತ್ತು ಅದರ ಬಳಗದ ನೋವುನಿವಾರಕಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಮೈಕೈ ನೋವಿಗೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮಾತ್ರೆಗಳಲ್ಲಿ ಹಲವು ಈ ಬಳಗಕ್ಕೆ ಸೇರಿದವು. ಸೊಂಟಕ್ಕೋ ತೋಳಿಗೋ ಚುಚ್ಚುವ ಸೂಜಿಮದ್ದು ಕೂಡ ತೀವ್ರ ಕಾಯಿಲೆಯವರಲ್ಲಿ ಸ್ನಾಯುವಿನೊಳಗೆ ರಕ್ತ ತುಂಬಿಸಬಲ್ಲದು.

ಕರ್ನಾಟಕದಲ್ಲಿ

ರಕ್ತಸ್ರಾವದ ಕಾಯಿಲೆಗಳ ಬಗ್ಗೆ ರಾಜ್ಯದಲ್ಲಿ ನಡೆದಿರುವ ಕೆಲಸದಲ್ಲಿ ದಾವಣಗೆರೆಯ ಹೆಸರು ಎದ್ದು ಕಾಣುತ್ತದೆ. ಅಲ್ಲಿನ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾದೊಂದಿಗೆ ಬದುಕಿದವರು. ಅವರ ಮುಂದಾಳತ್ವದಲ್ಲಿ ಬೆಳೆದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯು ರೋಗಿಗಳಿಗೆ ಚಿಕಿತ್ಸೆ ಮತ್ತು ತಿಳಿವಳಿಕೆ ನೀಡುತ್ತ ಬಂದಿದೆ. ತಂಬ್ರಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ ಕಡೆಯವರಿಗೆ ದಾವಣಗೆರೆ ದೂರದ ಊರಲ್ಲ. ಹರಪನಹಳ್ಳಿ ತಾಲ್ಲೂಕು 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿಯೇ ಇತ್ತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳ ಜನ ದೊಡ್ಡ ಆಸ್ಪತ್ರೆಯ ಕೆಲಸವೆಂದರೆ ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ.

ಕಾನೂನಿನ ಸ್ಥಾನ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ರಕ್ತದ ಕಾಯಿಲೆಗಳು ಮೂರು: ಹಿಮೋಫಿಲಿಯಾ, ಥಲಸೀಮಿಯಾ ಮತ್ತು ಕುಡಗೋಲು ಕಣ ಕಾಯಿಲೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಹಿಮೋಫಿಲಿಯಾಕ್ಕೆ ಅದೇ ಅನುಸೂಚಿ ಕೊಡುವ ವ್ಯಾಖ್ಯೆಯೂ ಸಾಮಾನ್ಯವಾಗಿ ಗಂಡಸರನ್ನು ಮಾತ್ರ ಬಾಧಿಸುವ, ಹೆಂಗಸರ ಮೂಲಕ ಅವರ ಗಂಡುಮಕ್ಕಳಿಗೆ ದಾಟುವ ಕಾಯಿಲೆ ಎಂಬ ಅರ್ಥದಲ್ಲಿದೆ. ಮೂರನೆಯ ಬಗೆಯ ಕಾಯಿಲೆಯಿಂದ ಮಂಡಿಯ ಕೀಲು ಸವೆದು ಕುಂಟುವ ಹುಡುಗಿಯ ಕಷ್ಟ ಹಿಮೋಫಿಲಿಯಾ ಇರುವ ಹುಡುಗನದಕ್ಕಿಂತ ಕಡಿಮೆಯಲ್ಲದಿದ್ದರೂ, ಆ ವ್ಯಾಖ್ಯೆಯೊಳಗೆ ಅವಳು ಬರುವುದಿಲ್ಲ.